ಜೀಪಿನ ಗಾಲಿಗೊಂದು ಮೋಜಿಣಿ

ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿ, ಮಧುಗಿರಿ ತಾಲ್ಲೂಕಿನ ಅರ್ಧ ಹೊಲಗಳಿಗೆ ಎಲ್ಲೆ ಗೊತ್ತು ಮಾಡಿದ್ದ ಗಂಗಹನುಮಯ್ಯನವರಿಗೆ, ಎರಡು ಗಾಲಿಗಳ ನಡುವಿನ ಅಂತರ ಅಳೆಯಲು ಇನ್ನೊಬ್ಬರ ಮುಂದೆ ಹೋಗಿ ನಿಲ್ಲಬೇಕೆಂಬುದೇ ದೊಡ್ಡ ಅವಮಾನವಾಗಿ ಕಂಡಿತು.

ಗಾಲಿಗಳು ಅವರ ಜೀಪಿನವು. ಮಹಾಯುದ್ಧ ಮುಗಿದ ಮರುವರ್ಷ ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದದ್ದು. ಬರ್ಮಾದ ಕೆಸರಿನಲ್ಲಿ ಹೊರಳಾಡಿ ಬಂದ ಮುದಿ ಗಾಡಿ. ಮದಲೂರಿನ ಆಚೆಗಿದ್ದ ತಮ್ಮ ಕಡಲೆಕಾಯಿ ಹೊಲಕ್ಕೆ ದಾರಿಯೇ ಇಲ್ಲವಾದ್ದರಿಂದ, ದಾರಿಯೇ ಬೇಡದ ಗಾಡಿ ಕೊಳ್ಳುವುದು ಜಾಣತನ ಎಂಬುದು ಅವರ ವಾದ. (ಬಾಗಿಲೂ ಇಲ್ಲದ ಗಾಡಿಯಲ್ಲಿ ಮಾನವಂತರು ಹೆಂಗೆ ಕೂರುವುದು ಎಂಬುದು ಹೆಂಡತಿ ಸರಸಮ್ಮನವರ ಪ್ರತಿವಾದ.) ಈಚೆಗೆ ಅದು ಎಡಕ್ಕೆ ಎಳೆಯತೊಡಗಿತ್ತು. ಮುಂದಿನ ಟೈರುಗಳು ಒಂದೇ ಮಗ್ಗುಲಲ್ಲಿ ಸವೆಯುತ್ತಿದ್ದವು.

ಶಿರಾದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಮಸ್ತಾನ್ ಸಾಬರು ಬಗ್ಗಿ ನೋಡಿ, "ಮುಂದಿನ ಗಾಲಿ ಎರಡೂ ಮುಂದ್ಗಡೆ ಒಂದು ರಾಗಿಕಾಳಿನಷ್ಟು ಒಳಕ್ಕೆ ಮಕ ಮಾಡಿರ್ಬೇಕು ಸಾಬ್. ನಿಮ್ದು ಹೊರಕ್ಕೆ ಹೋಗೈತೆ. ಬುಟ್ಟೋಗಿ, ಸಂಜೆಗೆ ಕೊಡ್ತೀನಿ" ಎಂದಿದ್ದರು.

"ರಾಗಿಕಾಳಿನಷ್ಟು ತಾನೆ? ನಾನೇ ನೋಡ್ಕೋತೀನಿ" ಎಂದು ಗಂಗಹನುಮಯ್ಯನವರು ಗಾಡಿ ಹತ್ತಿ ಬಂದುಬಿಟ್ಟರು.

ಇದೆಲ್ಲ ನಡೆದದ್ದು ನಿಡುಗಲ್ಲಿಗೆ ಹೊರಡುವ ಎರಡು ದಿನ ಮುಂಚೆ. ಅಲ್ಲಿ ಸರಸಮ್ಮನವರ ಅಕ್ಕ ಹನುಮಕ್ಕನ ಮನೆಯಲ್ಲಿ ಮೊಮ್ಮಗನ ನಾಮಕರಣ. ಮಗುವಿನ ತಾಯಿ, ಹನುಮಕ್ಕನ ಮಗಳು ಪುಟ್ಟಕ್ಕ, ಆರು ವರ್ಷದವಳಿದ್ದಾಗಿನಿಂದ ಬೆಳೆದದ್ದು ಮಕ್ಕಳಿಲ್ಲದ ಈ ಚಿಕ್ಕಮ್ಮನ ಮಡಿಲಲ್ಲಿ, ಮಧುಗಿರಿಯಲ್ಲೇ. "ಮಗೀನ ಕಿವೀಲಿ ಹೆಸ್ರು ಹೇಳೋಳು ನೀನೇ, ಹೆಸ್ರು ಯಾವ್ದು ಅನ್ನೋದೂ ನಿಂದೇ" ಎಂದು ಪುಟ್ಟಕ್ಕ ಹೇಳಿಕಳಿಸಿದ್ದಳು. ಸರಸಮ್ಮನವರು ಒಂದು ಹೆಸರನ್ನು ಆರಿಸಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಗಂಡನಿಗೂ ಹೇಳಿರಲಿಲ್ಲ.

"ನಾನು ನಾಳೇನೇ ಇದ್ದಿಲು ಗ್ಯಾಸಲ್ಲಿ ಓಡೋ ಬಸ್ಸಿಗೆ ಹೋಗ್ಬುಡ್ತೀನಿ, ನೀವು ನಿಧಾನಕ್ಕೆ ಬನ್ನಿ" ಎಂದು ಅವರು ಹೇಳಿ ನೋಡಿದರು.

"ಮನೇಲಿ ಜೀಪು ಮಡಗ್ಕೊಂಡು ಬಸ್ಸಿಗೆ ಹೋಗೋದಾ? ಕಂಡೋರು ಏನಂದಾರು? ಈ ಟೇಪಿನ ತುದಿ ಹಿಡ್ಕೊ ಬಾ."

ಮನೆ ಮುಂದಿನ ಬೀದಿಯಲ್ಲಿ ಮೋಜಿಣಿ, ಅಂದರೆ ಸರ್ವೆಯವರ ಅಳತೆ, ಆರಂಭವಾಯಿತು. ಮುಂದಿನ ಎರಡು ಟೈರುಗಳ ನಡುಮಧ್ಯಕ್ಕೆ ಸೀಮೆಸುಣ್ಣದ ಗೀಟು ಬಿತ್ತು; ಗೀಟಿನಿಂದ ಗೀಟಿಗೆ, ಗಾಲಿಗಳ ಮುಂಭಾಗದಲ್ಲೊಂದು ಅಳತೆ, ಹಿಂಭಾಗದಲ್ಲೊಂದು. ಸರಸಮ್ಮನವರು ಒಂದು ಗಾಲಿಯ ಬಳಿ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತರು. ಗಂಗಹನುಮಯ್ಯನವರು ಗಾಡಿಯ ಕೆಳಗೆ ಅಂಗಾತ ಮಲಗಿ, ಎರಡು ಗಾಲಿಗಳನ್ನೂ ಜೋಡಿಸುವ ಕಬ್ಬಿಣದ ಸಲಾಕೆಯನ್ನು ಸ್ಪ್ಯಾನರಿನಿಂದ ಇಷ್ಟಿಷ್ಟೇ ತಿರುಗಿಸಿದರು. ಒಲೆಯ ಮೇಲೆ ಹಾಲು ಎರಡು ಸಲ ಉಕ್ಕಿತು. ಸಂಜೆಯ ಹೊತ್ತಿಗೆ ಕೆಲಸ ಮುಗಿದು, ಅವರು ತಮ್ಮ ಹಳೆಯ ಸರ್ವೆ ಪುಸ್ತಕದಲ್ಲಿ ವಾಡಿಕೆಯಂತೆ ದಿಕ್ಕು ಹಿಡಿದು ಬರೆದರು: 'ಪೂರ್ವದ ಅಂತರ ಪಶ್ಚಿಮಕ್ಕಿಂತ ಒಂದು ರಾಗಿಕಾಳು ಕಡಿಮೆ.' ಜೀಪು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು, ಪೂರ್ವವೆಂದರೆ ಗಾಲಿಗಳ ಮುಂಭಾಗ. ಲೆಕ್ಕ ಸರಿಯಾಗಿತ್ತು. ಕೆಲಸವೂ ಸರಿಯಾಗಿಯೇ ಆಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ!

ಅವರು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯ ಓಬಳಯ್ಯನ ಹುಲ್ಲಿನ ಗಾಡಿ ಬಂತು. ದಾಟಲು ಜಾಗವಿಲ್ಲ. ಓಬಳಯ್ಯ ನಾಲ್ಕು ಜನರನ್ನು ಕರೆದು ಜೀಪನ್ನು ಬೀದಿಯ ತುದಿಗೆ ತಳ್ಳಿಸಿ, ಗಾಡಿ ದಾಟಿದ ಮೇಲೆ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿದ. ಮುಖ ಮಾತ್ರ ಪಶ್ಚಿಮಕ್ಕೆ.

ಮಾರನೆಯ ದಿನ ಬೆಳಿಗ್ಗೆ, ಒಮ್ಮೆ ಅಳೆದದ್ದನ್ನು ಇನ್ನೊಮ್ಮೆ ತಾಳೆ ನೋಡುವುದು ಇಲಾಖೆಯ ನಿಯಮವಾದ್ದರಿಂದ, ಗಂಗಹನುಮಯ್ಯನವರು ಮತ್ತೆ ಟೇಪು ಹಿಡಿದರು. ಪೂರ್ವದ ಅಂತರ ಒಂದು ರಾಗಿಕಾಳು ಹೆಚ್ಚಾಗಿತ್ತು!

"ನೋಡಿದ್ಯಾ, ರಾತ್ರಿ ಬೆಳಗಾಗೋದ್ರೊಳಗೆ ಸಡಿಲ ಬಿಟ್ಟೈತೆ!"

"ಸಡಿಲಾನೂ ಇಲ್ಲ, ಏನೂ ಇಲ್ಲ. ಓಬಳಯ್ಯ ನಿನ್ನೆ ಗಾಡಿ ತಿರುಗಿಸಿ ನಿಲ್ಸವ್ನೆ. ಮಕ ಈಗ ಪಡುವಲಾಗೈತೆ" ಎಂದರು ಸರಸಮ್ಮ.

"ಗಾಡಿ ತಿರುಗಿದ್ರೆ ಪೂರ್ವ ತಿರುಗ್ತದೇನೆ? ಮೂವತ್ತೆರಡು ವರ್ಷ ದಿಕ್ಕು ನೋಡಿ ಪಿಂಚಣಿ ತಗೊಂಡೋನು ನಾನು. ನನಗೇ ದಿಕ್ಕು ಹೇಳ್ಕೊಡ್ತೀಯಾ? ಸುಮ್ಮನೆ ತುದಿ ಹಿಡ್ಕೊ."

ಸರಸಮ್ಮನವರು ಸುಮ್ಮನೆ ತುದಿ ಹಿಡಿದುಕೊಂಡರು. ಪೂರ್ವದ ಅಂತರ ಕಡಿಮೆಯಾಗುವವರೆಗೂ ಗಂಗಹನುಮಯ್ಯನವರು ಸಲಾಕೆ ತಿರುಗಿಸಿದರು. ಮತ್ತೆ ಸಡಿಲ ಬಿಟ್ಟೀತೆಂಬ ಮುಂದಾಲೋಚನೆಯಿಂದ ಇನ್ನೊಂದು ಹೆಬ್ಬೆರಳಿನಷ್ಟು ಹೆಚ್ಚಿಗೆ ತಿರುಗಿಸಿ ಬಿಗಿ ಮಾಡಿದರು. ಈಗ ಮುಂದಿನ ಗಾಲಿಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದು ಈ ಕಡೆ, ಒಂದು ಆ ಕಡೆ ಮುಖ ತಿರುಗಿಸಿಕೊಂಡಿದ್ದವು.

ನಾಮಕರಣದ ದಿನ ಹೊತ್ತು ಮೂಡುವ ಮೊದಲೇ ಹೊರಟರು. ಊರು ದಾಟುವುದರೊಳಗೆ ಜೀಪು ರಸ್ತೆಯ ಎರಡೂ ಅಂಚುಗಳನ್ನು ಸರದಿಯಂತೆ ಮಾತಾಡಿಸಿಕೊಂಡು ಬರತೊಡಗಿತು. ಹತ್ತು ಮೈಲಿಗೆ ಸುಟ್ಟ ರಬ್ಬರಿನ ವಾಸನೆ. ಪಾವಗಡ ಇನ್ನೂ ದೂರವಿರುವಾಗ ಒಂದು ಟೈರು ನೂಲು ಬಿಟ್ಟು ಸಿಡಿಯಿತು. ಬದಲಿ ಗಾಲಿ ಹಾಕಿದರು. ಆರು ಮೈಲಿ ಹೋಗುವುದರೊಳಗೆ ಇನ್ನೊಂದು ಸಿಡಿಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಮುಹೂರ್ತ ಹನ್ನೆರಡಕ್ಕೆ.

ಸರಸಮ್ಮನವರು ಮಡಿಲಲ್ಲಿ ಮಗುವಿನ ಹೊಸ ಕುಲಾವಿ ಇಟ್ಟುಕೊಂಡು, ಅದರ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಸೀಟಿನ ಮೇಲೆ ಅವರ ಪಕ್ಕದಲ್ಲೇ ಕೂತಿದ್ದ ಗಂಗಹನುಮಯ್ಯನವರಿಗೆ, ಆ ಟೇಪಿನ ಇನ್ನೊಂದು ತುದಿಯಲ್ಲಿ ಇವಳು ಹೇಳಿದ ಮಾತು ಆಗ ತಲೆಗೆ ಹೋಯಿತು. ಗಾಡಿ ತಿರುಗಿತ್ತು. ಪೂರ್ವ ಅಲ್ಲೇ ಇತ್ತು. ಇಬ್ಬರೂ ಹೇಳಿದ್ದು ನಿಜವೇ, ಆದರೆ ಗಾಲಿಗೆ ಬೇಕಾಗಿದ್ದ ನಿಜ ಅವಳದು.

ಕೊನೆಗೆ ನಿಡುಗಲ್ಲಿನ ಕಡೆಗೆ ಹೋಗುತ್ತಿದ್ದ ಪೆದ್ದಣ್ಣ ಎಂಬುವನ ಎತ್ತಿನ ಗಾಡಿ ಸಿಕ್ಕಿತು. "ಎಕ್ಕಂಡಿ ಸಾಮೀ, ಎಕ್ಕಂಡಮ್ಮಾ" ಎಂದು ಅವನು ತೆಲುಗಿನಲ್ಲಿ ಕರೆದು, ಹುಲ್ಲು ಸರಿಮಾಡಿ ಹತ್ತಿಸಿಕೊಂಡ.

ಹನುಮಕ್ಕನ ಮನೆ ತಲುಪಿದಾಗ ಎಂಜಲೆಲೆ ಎತ್ತಿ, ಪಡಸಾಲೆ ಸಾರಿಸಿಯೂ ಆಗಿತ್ತು. ಗಂಗಹನುಮಯ್ಯನವರು ತಲೆ ತಗ್ಗಿಸಿ ಹೊಸ್ತಿಲು ದಾಟುತ್ತಿದ್ದಂತೆ ಒಳಗಿಂದ ಹನುಮಕ್ಕನ ಗದರಿಕೆ ಕೇಳಿತು:

"ಲೇ ಗಂಗಹನುಮಾ! ಮತ್ತೆ ಉಚ್ಚೆ ಹುಯ್ಕೊಂಡ್ಬುಟ್ಯೇನ್ಲಾ?"

ಅವರು ಗಾಬರಿಯಾಗಿ ತಮ್ಮ ಪಂಚೆ ನೋಡಿಕೊಂಡರು.

ಪುಟ್ಟಕ್ಕ ಓಡಿಬಂದು ಚಿಕ್ಕಮ್ಮನ ಕೈ ಹಿಡಿದಳು. "ಕಾದ್ವಿ ಚಿಕ್ಕಮ್ಮ, ಮುಹೂರ್ತ ಮೀರೋವರ್ಗೂ ಕಾದ್ವಿ. ಯಾವ ಹೆಸ್ರು ಮಡಗ್ಬೇಕು ಅಂತ ನಿಂಗೊಬ್ಬಳಿಗೇ ಗೊತ್ತಿತ್ತು. ನನ್ನ ಸಾಕಿದ ಚಿಕ್ಕಪ್ಪನ ಹೆಸ್ರೇ ಇರ್ಲಿ ಅಂದೆ. ನಮ್ಮ ಅತ್ತಿಗೆ ಕೈಲಿ ಹೇಳಿಸ್ಬುಟ್ವಿ. ನಿಂಗೆ ಸಂತೋಷ ತಾನೆ?"

"ಸಂತೋಷ ಕಣವ್ವ" ಎಂದು ಸರಸಮ್ಮನವರು ಮಗುವನ್ನು ಎತ್ತಿಕೊಂಡು ಕುಲಾವಿ ಹಾಕಿದರು.

"ಹೆಸ್ರು ಹಿಡ್ದು ಕರಿ ಚಿಕ್ಕಮ್ಮ, ನಗ್ತಾನೆ."

ಸರಸಮ್ಮನವರು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡದ ಹೆಂಗಸು, ತೊಡೆಯ ಮೇಲಿನ ಕೂಸನ್ನು ಏನೆಂದು ಕರೆದಾಳು? ಅಲ್ಲಿದ್ದವರಿಗೆ ಅರ್ಥವಾಗಿ ಒಬ್ಬರ ಹಿಂದೊಬ್ಬರು ನಗತೊಡಗಿದರು. ಸರಸಮ್ಮನವರೂ ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ನಾನು ಹೊರಗೆ ಹೋಗ್ತೀನಿ, ನೀನು ಕರಿ" ಎಂದು ಗಂಗಹನುಮಯ್ಯನವರು ಎದ್ದು ಜಗಲಿಗೆ ಬಂದರು. ಬಹಳ ಹೊತ್ತು ಕಿವಿಗೊಟ್ಟು ನಿಂತರು. "ಕಂದಾ, ಕಂದಾ" ಎನ್ನುವುದಷ್ಟೇ ಕೇಳಿಸಿತು.

ಆಕೆ ಹೊರಗೆ ಬಂದಾಗ ಮೆಲ್ಲಗೆ ಕೇಳಿದರು: "ನೀನು ಅಂದ್ಕೊಂಡಿದ್ದ ಹೆಸ್ರು ಯಾವ್ದು?"

"ಈಗ್ಯಾಕೆ ಬುಡಿ ಅದು" ಎಂದು ಸರಸಮ್ಮನವರು, ಕೈಕಾಲು ತೊಳೆದುಕೊಳ್ಳಲಿ ಎಂದು ಗಂಡನ ಮುಂದೆ ನೀರಿನ ಚೊಂಬು ಇಟ್ಟು ಒಳಗೆ ಹೋದರು.