ಬಿಸಿಲುಮರೆಗೆ ಒಂದು ಗೇಣು ಕಡಿಮೆ

ನನ್ನ ಕೋಣೆಗೆ ಕುತ್ತು ಬಂದದ್ದು ಅತ್ತೆಯವರ ಕೋಣೆಯ ಕಿಟಕಿಯಿಂದ. ಅದರ ಹೊರಗೆ ಕಬ್ಬಿಣದ ಚೌಕಟ್ಟಿಗೆ ಹೊದಿಸಿದ್ದ ಬಿಸಿಲುಮರೆಯ ಬಟ್ಟೆ ಹನ್ನೆರಡು ಬೇಸಿಗೆ ಕಂಡು ಜಾಳುಜಾಳಾಗಿತ್ತು. ಮಧ್ಯಾಹ್ನವಾಯಿತೆಂದರೆ ಸೂರ್ಯ ನೇರ ಅತ್ತೆಯವರ ಮಂಚಕ್ಕೇ ಇಳಿಯುತ್ತಿದ್ದ.

"ರೀ, ಭಾನುವಾರದೊಳಗೆ ಹೊಸ ಬಟ್ಟೆ ಹಾಕ್ಸಿ. ಇಲ್ಲಾಂದ್ರೆ ಅಮ್ಮ ನಿಮ್ಮ ಕೋಣೆಗೆ, ನೀವು ಇಲ್ಲಿಗೆ" ಎಂದಳು ಹೆಂಡತಿ.

ನನ್ನ ಕೋಣೆ! ತಣ್ಣನೆಯ ಮೂಲೆ, ಆರಾಮಕುರ್ಚಿ, ಅಡುಗೆಮನೆಯಿಂದ ಕೂಗಿದರೆ ಕೇಳಿಸದಷ್ಟು ದೂರ (ಇದು ನಮ್ಮ ನಮ್ಮಲ್ಲೇ ಇರಲಿ).

"ಹಾಕ್ಸೋದೇನು, ನಾನೇ ಹಾಕ್ತೀನಿ!" ಎಂದು ಘೋಷಿಸಿದೆ.

ಹಳೆಯ ಬಟ್ಟೆ ಬಿಚ್ಚಿ ಹಜಾರದಲ್ಲಿ ಹಾಸಿದೆ. ಅಂಚೆಲ್ಲ ನೂಲು ಬಿಟ್ಟು, ವಾರ ಕ್ಷೌರ ಕಾಣದ ಗಲ್ಲದಂತಿತ್ತು. ಗಡ್ಡ ಸೇರಿಸಿ ಮುಖ ಅಳೆಯುವುದುಂಟೇ? ನಾಲ್ಕೂ ಕಡೆ ಕತ್ತರಿಯಾಡಿಸಿ, ಗೆರೆ ಹೊಡೆದ ಹಾಗೆ ನೇರ ಮಾಡಿ, ಆಮೇಲೆ ಟೇಪು ಹಿಡಿದೆ.

ಅತ್ತೆ ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದವರು. ಮೆಲ್ಲಗೆ ಅಂದರು: "ಅಳಿಯಂದಿರೇ, ಚೌಕಟ್ಟು ಅಲ್ಲೇ ಇದೆಯಲ್ಲ, ಅದನ್ನೇ ಅಳೆದ್ರೆ ಆಗಲ್ವಾ?"

"ಅತ್ತೆ, ಇದು ದಿಂಬಿನ ಕವರ್ ಅಲ್ಲ, ನಿರ್ಮಾಣ ಕಾರ್ಯ!"

"ಹಾಗಾದ್ರೆ ಸರಿಯಪ್ಪಾ."

ಭಾನುವಾರ. ಏಣಿಯ ಮೇಲೆ ನಾನು, ಬುಡದಲ್ಲಿ ಹೆಂಡತಿ. ಗಡ್ಡ ತೆಗೆದ ಹಳೆಯ ಬಟ್ಟೆಯ ಅಳತೆಗೇ ಕತ್ತರಿಸಿದ್ದ ಹೊಸ ಕ್ಯಾನ್ವಾಸನ್ನು ಗೋಡೆಯ ಕಡೆ ಬಿಗಿದು ಮುಂದಕ್ಕೆಳೆದೆ. ಮುಂದಿನ ಸರಳು ಇನ್ನೂ ಒಂದು ಗೇಣು ದೂರ ಇರುವಾಗಲೇ ಅದು ನಿಂತುಬಿಟ್ಟಿತು. ಹಲ್ಲು ಕಚ್ಚಿ ಎಳೆದೆ. ಏಣಿ ಅಲುಗಿತು, ಬಟ್ಟೆ ಅಲುಗಲಿಲ್ಲ.

"ಬಿಸಿಲಿಗೆ ಕಬ್ಬಿಣ ಹಿಗ್ಗಿದೆ ಕಣೇ!"

"ಒಂದು ಗೇಣಾ? ಅಮ್ಮನ ಹಾಸಿಗೆ ಸುತ್ತಲಾ?"

"ಸುತ್ತಬೇಡ! ನಾನಿನ್ನೂ ಇಳಿದಿಲ್ಲ!"

ನನ್ನ ಮಾನ ಏಣಿಯ ಮೇಲೆ ನೇತಾಡುತ್ತಿದ್ದಾಗ ಕಾಪಾಡಿದವರು ಅತ್ತೆಯೇ. "ಉಳಿದ ತುಂಡು ಕೊಡಿ. ಸುತ್ತ ಪಟ್ಟಿ ಸೇರಿಸಿ, ಮುಂದಕ್ಕೊಂದು ನೆರಿಗೆಯ ಝಾಲರಿ ಹೊಲಿದು ಕೊಡ್ತೀನಿ. ಮಿಷನ್ ಮಾತ್ರ ನಿಮ್ಮ ಕೋಣೇಲಿ ಇಡಬೇಕು, ಇಲ್ಲಿ ಬಿಸಿಲು."

"ಒಂದು ಗಂಟೆ ತಾನೇ? ಧಾರಾಳವಾಗಿ, ಅತ್ತೆ!" ಎಂದೆ, ರಾಜ್ಯ ದಾನ ಕೊಡುವ ಗತ್ತಿನಲ್ಲಿ.

ಮೂರು ಗಂಟೆಗೆ ಬಿಸಿಲುಮರೆ ಚೌಕಟ್ಟು ತುಂಬಿ ನಿಂತಿತು. ಮಂಚದ ಮೇಲೆ ಬಿಸಿಲಿನ ಚುಕ್ಕೆಯೂ ಇಲ್ಲ. ಗೆದ್ದೆ! ಎದೆಯುಬ್ಬಿಸಿ ಇಳಿಯುವಷ್ಟರಲ್ಲಿ ಎದುರುಮನೆಯಾಕೆ ಗೇಟಿಗೆ ಬಂದರು.

"ಎಷ್ಟು ಚೆಂದದ ಝಾಲರಿ! ನಮ್ಮ ನಾಲ್ಕು ಕಿಟಕಿಗೂ ಹೊಲಿದು ಕೊಡ್ತೀರಾ?"

ಅವರ ಹಿಂದೆ ಪಕ್ಕದ ಮನೆಯವರು. ಅವರ ಹಿಂದೆ ಮೂಲೆಮನೆಯ ಡಾಕ್ಟರಮ್ಮ.

ಅತ್ತೆಯ ಮುಖ ಅರಳಿತು. "ಅದಕ್ಕೇನಂತೆ! ಮಿಷನ್ ಹೇಗೂ ಅಳಿಯಂದಿರ ಕೋಣೇಲೇ ಇದೆ."

ಈಗ ಆ ಕೋಣೆಯಲ್ಲಿ ಹನ್ನೊಂದು ಮನೆಗಳ ಕ್ಯಾನ್ವಾಸು ಬಿದ್ದಿದೆ. ಆರಾಮಕುರ್ಚಿಯ ಮೇಲೆ ಕತ್ತರಿಸಿದ ಪಟ್ಟಿಗಳು ಆರಾಮವಾಗಿವೆ. ನಾನು ಅತ್ತೆಯವರ ಹಳೆಯ ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಒಪ್ಪಲೇಬೇಕು: ನೆರಳು ಮಾತ್ರ ಸೊಗಸಾಗಿದೆ.