ಎಂಟನೆಯ ಪಾಲಿನ ಗೋಡೆ

ನನ್ನ ಸೋದರಮಾವನಿಗೆ ತನ್ನ ಮನೆಗೆ ಎಷ್ಟು ಕಿಟಕಿಗಳಿವೆ ಎಂದು ಕೇಳಿದರೆ ಯೋಚಿಸಿ ಉತ್ತರ ಹೇಳುತ್ತಾನೆ, ಅದೂ ತಪ್ಪು! ಆದರೆ ತನ್ನೂರಿನ ಹಾಳು ಕೋಟೆಯ ಗೋಡೆಯಲ್ಲಿ ಬಂದೂಕಿನ ತೂತು ಎಷ್ಟಿವೆ ಎಂದು ಕೇಳಿ ನೋಡಿ. ಬೇಡ, ಕೇಳಬೇಡಿ. ನಿಮಗೆ ಬಾಗೇವಾಡಿಯ ಬಸ್ಸು ತಪ್ಪುತ್ತದೆ.

ಮಾಮಾ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಸರ್ವೇಯರ್ ಆಗಿದ್ದವನು. ಆಯುಷ್ಯವೆಲ್ಲ ಕಂಡವರ ಹೊಲ ಅಳೆದ ಕೈ ನಿವೃತ್ತಿಯ ಮೇಲೆ ಸುಮ್ಮನಿದ್ದೀತೇ? ಮುದ್ದೇಬಿಹಾಳದ ದಾರಿಯಲ್ಲಿರುವ ಅವನ ಊರಿನಲ್ಲೊಂದು ಮಣ್ಣಿನ ಕೋಟೆಯಿದೆ. ರಾಜರು ಕಟ್ಟಿಸಿದ್ದಲ್ಲ. ಬಹಳ ಹಿಂದೆ ಏಳು ಮನೆತನದವರು ಭೀಮಾ ನದಿ ದಾಟಿ, ಗಾಡಿ ಕಟ್ಟಿಕೊಂಡು ಬಂದು, ಯಾರೂ ಇಲ್ಲದ ಎರೆಭೂಮಿಯಲ್ಲಿ ನೆಲೆ ನಿಂತರಂತೆ. ಕುದುರೆಯೇರಿ ಬರುವ ಲೂಟಿಕೋರರ ಕಾಟಕ್ಕೆ ಹೆದರಿ, ಮನೆತನಕ್ಕೊಂದು ಪಾಲಿನಂತೆ ಸುತ್ತಲೂ ಗೋಡೆ ಎಬ್ಬಿಸಿದರಂತೆ. ಲೂಟಿಯವರು ಬಂದ ದಿನ ಹೆಬ್ಬಾಗಿಲಿಗೆ ಅಗಳಿ ಹಾಕಿ ಊರು ಉಳಿಸಿದವನು ಮಾಮಾನ ಮುತ್ತಜ್ಜನ ಮುತ್ತಜ್ಜ. ಈ ಕಥೆ ಕೇಳದ ಬೀಗರು ನಮ್ಮಲ್ಲಿ ಒಬ್ಬರೂ ಉಳಿದಿಲ್ಲ.

ಸಿಂದಗಿಯಲ್ಲಿ ನಮ್ಮಕ್ಕನ ಮದುವೆ ನಡೆಯಿತು. ಊಟದ ಪಂಕ್ತಿಯಲ್ಲಿ ಮಾಮಾ ಎಲೆಯ ಮೇಲೆ ಅನ್ನದಿಂದ ಗೋಡೆ ಕಟ್ಟಿ, ನಾಲ್ಕು ಮೂಲೆಗೆ ನಾಲ್ಕು ಬುಂದಿ ಉಂಡಿ ಇಟ್ಟು, ಬೀಗರಿಗೆ ಬುರುಜು ತೋರಿಸುತ್ತಿದ್ದ. ಬಡಿಸುವವನು ಬಂದವನೇ ನಟ್ಟನಡುವೆ ಸಾರು ಸುರಿದ.

"ಏ, ಒಳಗ ಮಂದಿ ಅದಾರೋ!" ಎಂದು ಮಾಮಾ ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು.

ಹೋದ ವರ್ಷ ಯಾರೋ ಕೋಟೆಯ ಮಣ್ಣನ್ನು ಹೊಲಕ್ಕೆ ಒಯ್ಯಲು ಜೆಸಿಬಿ ತಂದು ನಿಲ್ಲಿಸಿದರು. ಹಳೆಯ ಗೋಡೆಯ ಮಣ್ಣೆಂದರೆ ಬೆಳೆಗೆ ಗೊಬ್ಬರವಿದ್ದಂತೆ. ಮಾಮಾ ಅಡ್ಡ ಮಲಗುತ್ತಾನೆ ಎಂದು ಊರೆಲ್ಲ ನೋಡಲು ಸೇರಿತು. ಅವನು ಜಗಳವನ್ನೇ ಆಡಲಿಲ್ಲ. ಅಳತೆಯ ಟೇಪಿನ ತುದಿಯನ್ನು ಡ್ರೈವರನ ಕೈಗೆ ಕೊಟ್ಟ.

"ಕೆಡವೂದಿದ್ರ ಕೆಡವಪಾ. ಅದಕ್ಕೂ ಮೊದಲ ಅಳತಿ ಆಗಬೇಕು. ಗಟ್ಟಿ ಹಿಡಿ."

ಪಾಪ, ಡ್ರೈವರ್ ಬಿಸಿಲಿನಲ್ಲಿ ಸಂಜೆಯವರೆಗೆ ಟೇಪು ಹಿಡಿದು ಕೋಟೆ ಸುತ್ತಿದ. ಮರುದಿನ ಅವನೂ ಬರಲಿಲ್ಲ, ಅವನ ಜೆಸಿಬಿಯೂ ಬರಲಿಲ್ಲ!

ಆದರೆ ಆ ಅಳತೆಯಿಂದಲೇ ಮಾಮಾನ ನೆಮ್ಮದಿ ಕೆಟ್ಟಿತು. ಒಂದೊಂದು ಮನೆತನದ ಪಾಲಿಗೂ ಮಣ್ಣಿನ ಬಣ್ಣ ಬೇರೆ, ಕಟ್ಟಿದ ರೀತಿ ಬೇರೆ. ಎಷ್ಟು ಸಲ ಎಣಿಸಿದರೂ ಏಳಲ್ಲ, ಎಂಟು ಪಾಲು ಬಂತು. ಎಂಟನೆಯದೇ ಎಲ್ಲಕ್ಕಿಂತ ಉದ್ದ. ಇಂದಿಗೂ ಬಿರುಕು ಬಿಡದೆ ನಿಂತಿರುವುದೂ ಅದೊಂದೇ. ಏಳು ಮನೆತನದವರು ಎಂಟು ಪಾಲು ಕಟ್ಟಿದ್ದು ಹೇಗೆ? ಊರ ಹಿರಿಯರನ್ನು ಕೇಳಿದರೆ ಎಲ್ಲರೂ ಎಲೆಯಡಿಕೆ ಅಗಿಯುತ್ತ ಆಕಾಶ ನೋಡಿದರು.

ಅಷ್ಟರಲ್ಲಿ ಪಂಚಾಯಿತಿಯವರು ಕೋಟೆಯ ಮುಂದೆ ಶಿಲಾಫಲಕ ನಿಲ್ಲಿಸುತ್ತೇವೆ, ಇತಿಹಾಸ ಬರೆದುಕೊಡಿ ಎಂದು ಮಾಮಾನನ್ನೇ ಕೇಳಿದರು. ಎಂಟನೆಯ ಪಾಲಿನವರು ಯಾರೆಂದು ತಿಳಿಯದೆ ಬರೆಯುವುದಾದರೂ ಏನನ್ನು? ಕೊನೆಗೆ ಅವನು ಊರ ಹೊರಗಿನ ಕೇರಿಗೆ ಹೋದ. ಅಲ್ಲಿಯವರು ಹಿಂದೆ ಅಸ್ಪೃಶ್ಯರೆನಿಸಿದ್ದವರು, ಈಗ ಬೌದ್ಧರು. ಆ ದಿನ ನಾನೂ ಜೊತೆಗಿದ್ದೆ. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಬಾಗಿಲಲ್ಲಿ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಮಾಮಾ ತನ್ನ ನಕ್ಷೆ ಬಿಚ್ಚಿ, ಎಂಟನೆಯ ಪಾಲು ಯಾರದೆಂದು ಕೇಳಿದ. ಅವಳು ಅದನ್ನು ನೋಡಲೇ ಇಲ್ಲ.

"ಆ ಗ್ವಾಡಿ ನಮ್ಮವರು ಕಟ್ಟಿದ್ದು ತಮ್ಮಾ. ಮಣ್ಣು ತುಳದವರು ನಾವು, ಹೊತ್ತವರು ನಾವು."

"ಮತ್ತ ನಮಗ ಯಾರೂ ಹೇಳಲೇ ಇಲ್ಲಲ್ಲ ಆಯಿ?"

"ನೀವು ಯಾವಾಗ ಕೇಳೀರಿ?"

ಮಾಮಾ ತನ್ನ ಮುತ್ತಜ್ಜನ ಮುತ್ತಜ್ಜ ಅಗಳಿ ಹಾಕಿದ ಕಥೆಯನ್ನು ಅಳುಕುತ್ತ ಎತ್ತಿದ. ಅಜ್ಜಿ ಮೊರವನ್ನು ಕೆಳಗಿಟ್ಟಳು.

"ಖರೇ ಐತಿ. ನಿಮ್ಮ ಹಿರ್ಯಾ ಒಳಗಿಂದ ಅಗಳಿ ಹಾಕಿದ. ನಮ್ಮ ಹಿರ್ಯಾಕಿ ಕೂಸು ಎತಕೊಂಡು ಹೊರಗಿಂದ ಬಾಗಲಾ ಬಡದ್ಳು. ತೆಗೀಲಿಲ್ಲ. ನಮ್ಮವರು ಭಾಳ ಮಂದಿ ಅವತ್ತ ಹ್ವಾದ್ರು. ಕೂಸು ಉಳೀತು. ನಾವು ಅದರ ಸಂತಾನ."

ಮಾಮಾ ನಕ್ಷೆ ಮಡಿಚಿದ. ಮನೆಗೆ ಬಂದವನೇ ಫಲಕದ ಇತಿಹಾಸ ಬರೆಯಲು ಕುಳಿತ. ಊಟಕ್ಕೆ ಕರೆದರೂ ಏಳಲಿಲ್ಲ. ಗಾಬರಿಯಾದ ಅತ್ತೆ ಅವನ ಹಣೆ ಮುಟ್ಟಿ ನೋಡಿದಳು.

ಪಂಚಾಯಿತಿ ಸಭೆಯಲ್ಲಿ ಅವನು ಎಲ್ಲವನ್ನೂ ಓದಿ ಹೇಳಿದ. ಅವನ ದೊಡ್ಡಪ್ಪನ ಮಗ ಕೆಂಡವಾದ.

"ಹಿರ್ಯಾರ ಮಾನ ಕಳೀತಿ ಏನೋ? ಹಳೇದೆಲ್ಲಾ ಯಾಕ ಕೆದರತಿ?"

"ನಾ ಕೆದರಿಲ್ಲಣ್ಣಾ. ಅಳದೇನಿ, ಅಷ್ಟ."

ಮೂರು ಸಭೆಗಳಾದವು. ಕೇರಿಯ ಯುವಕರೂ ಬಂದು ಪಟ್ಟು ಹಿಡಿದು ಕುಳಿತರು. ಕಡೆಗೆ ಎಂಟನೆಯ ಪಾಲಿನ ಸಾಲನ್ನೂ ಸೇರಿಸಲು ಒಪ್ಪಿಗೆಯಾಯಿತು. ಆಗ ಕಲ್ಲು ಕೆತ್ತುವವನು ಹೊಸ ತಕರಾರು ತಂದ: "ಕಲ್ಲಿನ್ಯಾಗ ಜಾಗಾ ಇಲ್ರಿ. ಒಂದು ಸಾಲು ತಗೀಬೇಕಾಗತೈತಿ."

ಮಾಮಾ ಜೇಬಿನಿಂದ ಪೆನ್ನು ತೆಗೆದ. ಬರೆದ ಹಾಳೆಯಲ್ಲಿ, ಊರು ಉಳಿಸಿದ ತನ್ನ ಮುತ್ತಜ್ಜನ ಮುತ್ತಜ್ಜನ ಹೆಸರಿದ್ದ ಸಾಲನ್ನು ಹೊಡೆದುಹಾಕಿದ. ಗೀಟು ನೆಟ್ಟಗೇ ಬಂತು. ಸರ್ವೇಯರನ ಕೈ ನೋಡಿ!

ಫಲಕ ಅನಾವರಣದ ದಿನ ಹಾರ ಹಾಕಿ, ಭಾಷಣ ಮುಗಿಸಿ, ಜನರೆಲ್ಲ ಫೋಟೋ ತೆಗೆಸಿಕೊಳ್ಳಲು ಕೋಟೆಯೊಳಗೆ ನುಗ್ಗಿದರು. ದೊಡ್ಡಪ್ಪನ ಮಗ ಬಂದಿರಲಿಲ್ಲ. ಅಜ್ಜಿ ಮಾತ್ರ ಹೆಬ್ಬಾಗಿಲ ಹೊರಗಿನ ಕಲ್ಲಿನ ಮೇಲೆ ಕುಳಿತೇ ಇದ್ದಳು. ಬಾಗಿಲು ಎಂದೋ ಗೆದ್ದಲು ಹಿಡಿದು ಹೋಗಿದೆ. ಈಗ ಬರೀ ಕಮಾನು. ಮಾಮಾ ಒಳಗಿನಿಂದ ಕೈಚಾಚಿ ಕರೆದ.

"ಆಯಿ, ಒಳಗ ಬರ್ರಿ. ಇದು ನಿಮ್ಮದೂ ಐತಿ."

"ಒಳಗ ಏನೈತಿ? ಜಾಲಿ ಗಿಡ. ನಾ ಯಾಕ ಬರ್ಲಿ?" ಎಂದಳು ಅಜ್ಜಿ. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ನೀನ ಹೊರಗ ಬಾ ತಮ್ಮಾ."

ಒಳಗಿನಿಂದ ಯಾರೋ ಫೋಟೋಕ್ಕೆ ಕೂಗುತ್ತಿದ್ದರು. ಅವನು ತಲೆತಗ್ಗಿಸಿಕೊಂಡು ಹೊರಗೆ ಬಂದ. ಅಜ್ಜಿ ಕಲ್ಲಿನ ಮೇಲೆ ತುಸು ಸರಿದು ಜಾಗ ಮಾಡಿದಳು. ಪಕ್ಕದಲ್ಲಿ ಕುಳಿತವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಜ್ಜಿ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟು, ಏನೂ ಕಾಣದವಳಂತೆ ರಸ್ತೆಯ ಕಡೆ ತಿರುಗಿ ಕುಳಿತಳು.