ಕೆಂಪು ಚೀಟಿ ಹಾಕಿ ಕೊಂದ ಗೇಮ್ ಯಂತ್ರ

ಸೋಲಾರ್ ಪಾರ್ಕಿನಲ್ಲಿ ಆಳೆತ್ತರದ ಯಂತ್ರಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವ ಟೆಕ್ನಿಷಿಯನ್ ನಾನು. ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ನನಗೆ ಯಾವ ಲೆಕ್ಕ ಎಂಬ ಧೈರ್ಯ ನನಗಿತ್ತು. ಆ ಧೈರ್ಯಕ್ಕೆ ಸಂದ ಮರ್ಯಾದೆಯ ವಿವರ ಮುಂದಿದೆ.

ನನ್ನ ಹೆಂಡತಿ ಪುಷ್ಪ ಮಧುಗಿರಿಯಲ್ಲಿ ನರ್ಸ್. ನಾನು ಬಲಸಮುದ್ರದಲ್ಲಿ, ಓಬಳಮ್ಮನವರ ಮನೆಗೆ ಅಂಟಿಕೊಂಡ ಬಾಡಿಗೆ ರೂಮಿನಲ್ಲಿ. ಅವಳಿಗೆ ಭಾನುವಾರ ರಜೆ, ನನಗೆ ಬುಧವಾರ. ಮದುವೆಗೆ ಜಾತಕ ಕೂಡಿಸಿದವರು ವಾರದ ರಜೆ ಕೂಡಿಸುವುದನ್ನು ಮರೆತಿದ್ದರು. ಫೋನ್ ಮಾಡಿದರೆ "ಊಟ ಆಯ್ತಾ", "ಗ್ಯಾಸ್ ಬಂತಾ" ಆದ ಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಅದಕ್ಕೇ ಇಬ್ಬರೂ ಒಂದೊಂದು ಗೇಮ್ ಯಂತ್ರ ಕೊಂಡೆವು. ದಿನಾ ಸಂಜೆ ಅವಳು ಅಲ್ಲಿಂದ, ನಾನು ಇಲ್ಲಿಂದ, ಪರದೆಯ ಒಂದೇ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೆವು. ಯಂತ್ರದಲ್ಲೇ ಒಬ್ಬರ ಮಾತು ಇನ್ನೊಬ್ಬರಿಗೆ ಜೋರಾಗಿ ಕೇಳುತ್ತಿತ್ತು; ಕಾರು ಓಡುವಾಗ ಮಾತು ತಾನಾಗಿ ಬರುತ್ತಿತ್ತು. ದಿನದಲ್ಲಿ ನಾನು ಗಂಡನಾಗಿರುತ್ತಿದ್ದುದು ಆಗ ಮಾತ್ರ.

ಆದರೆ ನನ್ನ ಯಂತ್ರದಲ್ಲಿ ಕಾರು ತಿರುಗಿಸುವ ಪುಟ್ಟ ಸ್ಟಿಕ್ಕಿಗೆ ರೋಗ ಬಂತು. ಮುಟ್ಟದಿದ್ದರೂ ಕಾರು ಎಡಕ್ಕೆ ವಾಲಿ ಕೆರೆಗೆ ಬೀಳುತ್ತಿತ್ತು.

"ದಿನಾ ನೀರಿಗ್ ಬೀಳ್ತೀರಲ್ರೀ, ಕಾಯ್ದೂ ಕಾಯ್ದೂ ಸಾಕಾಯ್ತು. ಅದ್ಯಾವ್ದೋ ಅಪ್‌ಡೇಟ್ ಬಂದೈತಂತೆ, ಹಾಕ್ಬುಡಿ," ಎಂದಳು ಪುಷ್ಪ.

ಸ್ಟಿಕ್ಕಿಗೂ ಗುಂಡಿಗಳಿಗೂ ಬುದ್ಧಿ ಹೇಳುವ ಒಳಗಿನ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು, ಅಷ್ಟೇ. ಒಂದು ಸಂಜೆ ಡ್ಯೂಟಿಯಿಂದ ಬಂದವನೇ ಕಾರ್ಯಪ್ರವೃತ್ತನಾದೆ. ನಮ್ಮ ಪ್ಲಾಂಟಿನ ಮೊದಲ ನಿಯಮ: ಯಾವ ಯಂತ್ರಕ್ಕೂ ಕೈ ಹಾಕುವ ಮೊದಲು ಕರೆಂಟ್ ತೆಗೆದು, ಸ್ವಿಚ್ಚಿಗೆ ಕೆಂಪು ಚೀಟಿ ನೇತುಹಾಕಬೇಕು. ಮೂಳೆಗೆ ಇಳಿದ ಅಭ್ಯಾಸ. ಚಾರ್ಜರ್ ಸಿಕ್ಕಿಸಿ ಅಪ್‌ಡೇಟ್ ಶುರು ಮಾಡಿದವನೇ, ನಿಯಮದಂತೆ ಚಾರ್ಜರ್ ಕಿತ್ತು, ಜೇಬಿನಲ್ಲಿದ್ದ ಚೀಟಿಯನ್ನು ಸ್ವಿಚ್ ಬೋರ್ಡಿಗೆ ಕಟ್ಟಿದೆ.

ಹೊರಗೆ ಕಡಲೆಕಾಯಿ ಬಿಡಿಸುತ್ತಿದ್ದ ಓಬಳಮ್ಮ ಕಿಟಕಿಯಿಂದ ಇಣುಕಿದರು.

"ಏಮಪ್ಪಾ, ಏನದು ಕೆಂಪು ಚೀಟಿ?"

"ಕೆಲಸ ನಡೀತೈತೆ ಕಣಮ್ಮ."

"ಬೇಗ ಕಾನಿಯ್ಯಪ್ಪಾ, ಮುಗ್ಸು. ನಿನ್ ಹೆಂಡ್ತಿ ನಗೋ ಟೈಮಾಯ್ತು."

ಅಷ್ಟರಲ್ಲಿ ಪರದೆ ಕಪ್ಪಾಯಿತು. ಹಿಂದಿನ ದಿನ ಆಡಿ ಚಾರ್ಜಿಗೆ ಹಾಕದೆ ಮಲಗಿದ್ದೆ. ಬ್ಯಾಟರಿಯಲ್ಲಿ ಜೀವವೇ ಇರಲಿಲ್ಲ. 'ಮುಗಿಯುವವರೆಗೆ ಚಾರ್ಜರ್ ತೆಗೆಯಬೇಡಿ' ಎಂದು ಪರದೆಯ ಮೇಲೆ ಬಂದಿತ್ತು. ನಾನು ಓದದೆ 'ಸರಿ' ಒತ್ತಿದ್ದೆ. ಎಚ್ಚರಿಕೆಯ ಬೋರ್ಡು ಓದದವರನ್ನು ಬಯ್ಯಲೆಂದೇ ನಮ್ಮ ಪ್ಲಾಂಟಿನಲ್ಲಿ ಒಂದು ಸಮಿತಿ ಇದೆ. ಅದರ ಹಿರಿಯ ಸದಸ್ಯ ನಾನು!

ಗಾಬರಿಯಾಗಿ ಮತ್ತೆ ಚಾರ್ಜರ್ ಸಿಕ್ಕಿಸಿದೆ. ಪರದೆ ಬೆಳಗಿತು. ಆದರೆ ಸ್ಟಿಕ್ಕು ಎಡಕ್ಕೂ ಹೋಗದು, ಬಲಕ್ಕೂ ಹೋಗದು. ವಾಲುವ ರೋಗ ವಾಸಿಯಾಗಿತ್ತು, ರೋಗಿಯೇ ಹೋಗಿದ್ದ. ಅಪ್‌ಡೇಟನ್ನು ಮತ್ತೆ ಹಾಕಲು ಹೋದರೆ 'ಮುಂದುವರಿಯಲು ಗುಂಡಿ ಒತ್ತಿ' ಎಂದಿತು. ಸತ್ತಿದ್ದೇ ಗುಂಡಿ. ಊದಿದೆ, ತಟ್ಟಿದೆ, ಕೊನೆಗೆ ಬೇಡಿಕೊಂಡೆ.

ಬೆರಳಿಂದ ಪರದೆ ಮುಟ್ಟಿದರೆ ಮಾತ್ರ ಆಟ ತೆರೆಯುತ್ತಿತ್ತು. ಹೇಗೋ ರಸ್ತೆಗೆ ಇಳಿದೆ. ಪಕ್ಕದಲ್ಲೇ ಪುಷ್ಪಳ ಹಳದಿ ಕಾರು ನಿಂತಿತ್ತು.

"ಹೊರಡ್ರೀ."

"ಆಗಲ್ಲ ಕಣೇ. ಗುಂಡಿ ಎಲ್ಲಾ ಕೊಂದ್ಬುಟ್ಟೆ." ನಡೆದದ್ದನ್ನು ಹೇಳಿದೆ.

ಇನ್ನು ಸಂಜೆಯ ಮಾತಿಗೆ ಆ ಫೋನೇ ಗತಿ. ಏನಾದರೂ ಮಾತಾಡಬೇಕಲ್ಲ, "ಊಟ ಆಯ್ತಾ?" ಎಂದೆ.

"ಇನ್ನೂ ಕತ್ಲೇ ಆಗಿಲ್ಲ, ಊಟ ಅಂತೆ. ಅಲ್ಲೇ ಇರಿ, ಒಂದ್ ಸುತ್ತು ಹಾಕ್ಕೊಂಡ್ ಬತ್ತೀನಿ."

ಅವಳ ಕಾರು ಹೊರಟಿತು. ಸುತ್ತು ಹಾಕಿ ಬಂದು, ನನ್ನ ಪಕ್ಕದಲ್ಲಿ ಹಾರ್ನ್ ಹೊಡೆದು, ಮತ್ತೆ ಹೋಯಿತು. ಓಡಿಸುತ್ತಲೇ ಇಂಜೆಕ್ಷನ್ನಿಗೆ ಹೆದರಿ ಕಾಂಪೌಂಡ್ ಹಾರಿದ ಪೈಲ್ವಾನನ ಕಥೆ ಹೇಳಿ ನಕ್ಕಳು. ಹೊರಗೆ ಓಬಳಮ್ಮನೂ ನಕ್ಕರು. ನನಗೂ ನಗು ಬಂತು. ಆದರೂ ಕಾರು ತಿರುವಿನಲ್ಲಿ ಮರೆಯಾದಾಗಲೆಲ್ಲ ರೂಮು ಎಷ್ಟು ಖಾಲಿ ಎಂದು ಗೊತ್ತಾಗುತ್ತಿತ್ತು. ಮತ್ತೆ ಹಾರ್ನ್ ಕೇಳುವವರೆಗೆ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

"ಇವತ್ತೊಂದಿನ ಕೆರೆಗ್ ಬೀಳ್ಲಿಲ್ಲ ನೋಡಿ," ಎಂದಳು ಕೊನೆಗೆ.

ಆಟ ಮುಗಿಯಿತು. ನನಗೆ ಎರಡನೇ ಸ್ಥಾನ. ಇದ್ದವರು ಇಬ್ಬರೇ. ಅವಳು ಅನ್ನಕ್ಕಿಡಲು ಎದ್ದು ಹೋದಳು. ಬೋರ್ಡಿನಲ್ಲಿ ಚೀಟಿ ಇನ್ನೂ ತೂಗುತ್ತಿತ್ತು: 'ಕೆಲಸ ನಡೆಯುತ್ತಿದೆ, ಯಾರೂ ಮುಟ್ಟಬಾರದು.' ಬಿಚ್ಚಿ ನನ್ನ ಕೊರಳಿಗೇ ಹಾಕಿಕೊಂಡೆ. ಆ ರೂಮಿನಲ್ಲಿ ಮುಟ್ಟುವವರಾದರೂ ಯಾರಿದ್ದರು?